ಹಿರೇಮನೆಯ ಸಾಕ್ಷಿ

ಆವತ್ತು ಬೆಳಿಗ್ಗೆ ನಮ್ಮ ಓಣಿಗೆ ನಳ ಬಿಟ್ಟಿದ್ದರು. ನಳ ಬಂತೆಂದರೆ ಒಲೆಯ ಮೇಲೆ ಏನಿದ್ದರೂ ಇಳಿಸಿ ಓಡುವುದು ನಮ್ಮ ಓಣಿಯ ಹೆಂಗಸರ ರೂಢಿ. ನಾನೂ ರೊಟ್ಟಿಯ ಹಂಚು ಇಳಿಸಿ, ಪೈಪನ್ನು ಡ್ರಮ್ಮಿಗೆ ಬಿಟ್ಟು, ಹಿಟ್ಟಿನ ಕೈಯಲ್ಲೇ ಕೊಡ ತಿಕ್ಕುತ್ತಿದ್ದೆ. ಮಗಳು ಸಂಧ್ಯಾ ಕಟ್ಟೆಯ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು.

ಒಂದು ಬೈಕು ಬಂದು ನಿಂತಿತು. ಖಾಕಿಯಲ್ಲಿದ್ದವನು ಹಾಲೇಶ, ನನ್ನ ಗಂಡನ ಜೊತೆ ಪೊಲೀಸ್ ಹೊರಠಾಣೆಯಲ್ಲಿ ಕೆಲಸ ಮಾಡುವ ಹುಡುಗ. ಯಾವಾಗಲೂ ಓಣಿಯ ತುದಿಯಿಂದಲೇ "ಅಕ್ಕಾರ, ಚಹಾ ಇಡ್ರಿ" ಎಂದು ಕೂಗುತ್ತ ಬರುವವನು. ಆವತ್ತು ಕೂಗಲಿಲ್ಲ. ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಅಣ್ಣಾರು ಅದಾರೇನ್ರಿ?"

"ಜಳಕಾ ಮಾಡಾಕತ್ತಾರ. ಕುಂದರ್ರಿ, ಚಹಾ ಇಡ್ತೀನಿ."

"ಇವತ್ತ ಚಹಾ ಬ್ಯಾಡ್ರಿ ಅಕ್ಕಾರ."

ನಮ್ಮ ಮನೆಯ ಚಹಾ ಬೇಡ ಅಂದವನಲ್ಲ ಅವನು. ನನ್ನ ಕೈ ಕೊಡದೊಳಗೇ ನಿಂತಿತು.

ನನ್ನ ಗಂಡ ಬಾಳೇಶ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಗೆ ಬಂದರು. ಹಾಲೇಶ ಒಂದು ಲಕೋಟೆ ಚಾಚಿದ.

"ತಪ್ಪ ತಿಳ್ಕೋಬ್ಯಾಡ್ರಿ ಅಣ್ಣಾ. ನನ್ನ ಕೈಯಾಗ ಕೊಟ್ಟು ಕಳಿಸ್ಯಾರ."

ಇವರು ನಿಂತಲ್ಲೇ ಓದಿದರು. "ಮುಟ್ಟೇತಿ ಅಂತ ಸಹಿ ಬೇಕಲ್ಲ? ಪೆನ್ ಕೊಡು" ಅಂದರು. ಕಾಗದ ಇಟ್ಟು ಬರೆಯಲು ಹತ್ತಿರ ಏನೂ ಇರಲಿಲ್ಲ. ಹಾಲೇಶ ತಿರುಗಿ ಬಗ್ಗಿ ನಿಂತ. ಅವನ ಬೆನ್ನ ಮೇಲೆ ಕಾಗದ ಇಟ್ಟು ಇವರು ಸಹಿ ಮಾಡಿದರು. ಅವನು ನೆಟ್ಟಗಾದಾಗ ಕಣ್ಣು ಕೆಂಪಾಗಿದ್ದವು.

"ಶೈಲಾ, ಡ್ರಮ್ಮ ತುಂಬಿ ಹರ್ಯಾಕತ್ತೈತಿ ನೋಡ ಬೇ!" ಎದುರು ಮನೆಯವಳು ಕೂಗಿದಳು. ಕೂಗಿದ್ದು ನೀರಿಗೆ, ಕಣ್ಣು ಇದ್ದದ್ದು ಲಕೋಟೆಯ ಮೇಲೆ.

ಅತ್ತೆ ಪದ್ಮವ್ವ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು. "ಏನೋ ಅದು ಬಾಳ್ಯಾ?"

"ಸಸ್ಪೆಂಡ್ ಮಾಡ್ಯಾರ ಯವ್ವಾ."

"ಯಾತಕ್ಕ?"

"ಠಾಣ್ಯಾಗ ದುರಗೇಶನ ಕಪಾಳಕ್ಕ ಹೊಡದು ಕಿವಿ ಕೆಡಿಸೀನಂತ. ಹಂಗಂತ ಬರದಾರ."

"ಯಾವ ದುರಗೇಶ? ನಮ್ಮ ಹಾಲಸಿದ್ದಪ್ಪನ ಮಗಾ?"

"ಹೂಂ. ಅವನ."

ಅತ್ತೆ ಹೊಸ್ತಿಲ ಮೇಲೆ ಕೂತರು. ಸಂಧ್ಯಾ ಒಂದು ಕಾಲಿನ ಬೂಟು ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡೇ ನೋಡುತ್ತಿದ್ದಳು.

ಅದು ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಡೆಕ್ಕಿನಲ್ಲಿ ಹಾಡು ಹಚ್ಚಿಕೊಂಡು ಕಾರ್ಖಾನೆಯ ದಾರಿ ಹಿಡಿದಿದ್ದವು. ದುರಗೇಶ ಅಂಥದೊಂದು ಟ್ರ್ಯಾಕ್ಟರಿನ ಡ್ರೈವರ್. ಒಂದು ಸಂಜೆ ಟ್ರೇಲರ್ ವಾಲಿ ರಸ್ತೆ ಬಂದಾಗಿ, ಹಿಂದಿನವರಿಗೂ ಮುಂದಿನವರಿಗೂ ಜಗಳ ಹತ್ತಿ, ಡ್ರೈವರುಗಳನ್ನು ಹೊರಠಾಣೆಗೆ ಕರೆತಂದಿದ್ದರು. ಅಲ್ಲಿ ಆ ಹೊತ್ತಿಗೆ ನಾಲ್ಕೈದು ಮಂದಿ ಪೊಲೀಸರಿದ್ದರು. ದುರಗೇಶ ಬಲಗಿವಿ ಹಿಡಿದುಕೊಂಡು ಹೊರಗೆ ಬಂದ. ಕಿವಿಯ ಪರದೆ ಹರಿದಿದೆ ಎಂದರು ಡಾಕ್ಟರು. ದೂರಿನಲ್ಲಿ ಇದ್ದದ್ದು ಒಂದೇ ಹೆಸರು, ಇವರದು. ಆರೋಪ ಸಾಬೀತಾದರೆ ಕೆಲಸವೇ ಹೋಗುತ್ತದೆ ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪೊಲೀಸರ ಮನೆಯವರಿಗೆ ಅಷ್ಟು ಗೊತ್ತಿರುತ್ತದೆ.

ಇವರು ಎಮ್ಮೆಗೆ ಮೇವು ಹಾಕಲು ಹಿತ್ತಲಿಗೆ ಹೋದಾಗ ಅತ್ತೆ ನನ್ನನ್ನೂ ಸಂಧ್ಯಾಳನ್ನೂ ಹತ್ತಿರ ಕರೆದರು.

"ನನ್ನ ಮಗ ಹೊಡಿಯಂಗಿಲ್ಲ. ಅವಗ ಈ ಮನ್ಯಾಗ ಯಾರೂ ಏನೂ ಕೇಳಬ್ಯಾಡ್ರಿ. ಕೇಳೂದಂದ್ರ ಅನುಮಾನ ಪಟ್ಟಂಗ. ತಿಳಿತಿಲ್ಲೋ?"

ನಾನು ತಲೆಯಾಡಿಸಿದೆ. ಸಂಧ್ಯಾ ಇನ್ನೊಂದು ಬೂಟು ಹಾಕಿಕೊಂಡಳು.

ಮದುವೆಯಾದಾಗಿನಿಂದ ಇವರು ಹಗಲು ಹೊತ್ತು ಮನೆಯಲ್ಲಿದ್ದದ್ದನ್ನು ನಾನು ಕಂಡೇ ಇರಲಿಲ್ಲ. ಈಗ ಬೆಳಗಿನಿಂದ ಸಂಜೆಯವರೆಗೆ ಇದ್ದರು. ಎಮ್ಮೆಯ ಮೈ ತೊಳೆಯುತ್ತಿದ್ದರು. ಸಂಧ್ಯಾಳನ್ನು ಬೈಕಿನಲ್ಲಿ ಶಾಲೆಗೆ ಬಿಟ್ಟು ಬರುತ್ತಿದ್ದರು. ಜೋಳ ಹಸನು ಮಾಡಲು ಕೂತರೆ ಕಲ್ಲಿನ ಜೊತೆ ಕಾಳನ್ನೂ ಆರಿಸಿ ಬಿಸಾಕುತ್ತಿದ್ದರು.

"ಕಳ್ಳರನ್ನ ಹಿಡಿಯಾಂವಗ ಕಲ್ಲ ಹಿಡಿಯಾಕ ಬರೂದಿಲ್ಲ ನೋಡ" ಎಂದು ಅತ್ತೆ ನಗಿಸಲು ನೋಡಿದರು. ಇವರು ನಗಲಿಲ್ಲ.

ಪಗಾರ ಅರ್ಧಕ್ಕೆ ಇಳಿಯಿತು. ನಾನು ಡೈರಿಗೆ ಹಾಕುವ ಹಾಲು ಹೆಚ್ಚು ಮಾಡಿದೆ, ಮನೆಯ ಚಹಾ ಕಪ್ಪಗಾಯಿತು. ಅದು ಯಾರಿಗೂ ದೊಡ್ಡದೆನಿಸಲಿಲ್ಲ. ದೊಡ್ಡದೆನಿಸಿದ್ದು ಇವರ ಊಟ. ಒಂದು ರೊಟ್ಟಿ ತಿನ್ನುವಷ್ಟರಲ್ಲಿ ತಟ್ಟೆಯಲ್ಲೇ ಕೈ ತೊಳೆದುಬಿಡುತ್ತಿದ್ದರು.

"ಪುಂಡಿಪಲ್ಲೆ ಮಾಡ್ಯಾಳ, ಇನ್ನೊಂದ ಹಾಕ್ಕೋಳೋ."

"ಸಾಕ್ ಬೇ."

"ಎಲ್ಲಿ ಸಾಕು? ಸಂಧ್ಯಾ ನಿನಕಿಂತ ಛಲೋ ಉಣ್ತಾಳ."

"ಸಾಕಂದ್ನೆಲ್ಲಾ!"

ತಾಯಿಯ ಮುಂದೆ ಇವರು ದನಿ ಏರಿಸಿದ್ದು ಅದೇ ಮೊದಲು. ಅತ್ತೆ ಆವತ್ತು ಮಧ್ಯಾಹ್ನವೇ ಸೀರೆ ಬದಲಿಸಿ, ನನಗೊಂದು ಮಾತು ಹೇಳಿ, ರನ್ನ ಬೆಳಗಲಿಗೆ ಹೋಗುವ ಬಸ್ಸು ಹತ್ತಿದರು.

ರನ್ನ ಬೆಳಗಲಿ ನಮ್ಮ ಮೂಲ ಊರು. ದುರಗೇಶನ ಅಪ್ಪ ಹಾಲಸಿದ್ದಪ್ಪ ಅಲ್ಲೇ ಇರುವುದು. ದುರಗೇಶನ ಅಜ್ಜ, ಇವರ ಅಜ್ಜ ಒಡಹುಟ್ಟಿದವರು. ಅಣ್ಣನ ಕವಲು ನಮ್ಮದು, ಅದಕ್ಕೆ ಹಿರೇಮನೆ ಅನ್ನುತ್ತಾರೆ. ಅವರದು ಕಿರೇಮನೆ. ನಮ್ಮ ಮನೆತನದ ಬೀರೇಶ್ವರನ ಗುಡಿಯಲ್ಲಿ ಪೂಜಾರಿ ಭಂಡಾರ ಹಂಚುವಾಗ, ಆ ಅರಿಶಿನದ ಪುಡಿ ಮೊದಲು ಬೀಳುವುದು ಹಿರೇಮನೆಯವರ ಕೈಗೆ. ಅದಕ್ಕೆ ಪ್ರತಿಯಾಗಿ ಒಂದು ಕಟ್ಟುಪಾಡೂ ಇದೆ. ಎರಡು ಮನೆಗಳಿಗೆ ಜಗಳವಾದರೆ ತಪ್ಪು ಯಾರದೇ ಇರಲಿ, ಹಿರೇಮನೆಯವನು ಮೊದಲು ಬಾಗಬೇಕು. ಎದುರಿನವನ ಹಣೆಗೆ ಭಂಡಾರ ಹಚ್ಚಿ ಕಾಲು ಮುಟ್ಟಬೇಕು. ಆಮೇಲೆ ಕಿರೇಮನೆಯವನು ಅವನನ್ನು ಎತ್ತಿ ಅಪ್ಪಿಕೊಳ್ಳಬೇಕು. ಅಲ್ಲಿಗೆ ಜಗಳ ಮುಗಿಯಿತು.

ಅತ್ತೆ ಸಂಜೆ ಅದನ್ನೇ ಗೊತ್ತುಮಾಡಿಕೊಂಡು ಬಂದರು.

"ಐತವಾರ ಗುಡಿಗೆ ಬರ್ತೀವಂತ ಹಾಲಸಿದ್ದಪ್ಪಗ ಹೇಳಿ ಬಂದೀನಿ. ಅವನೂ ಹೂಂ ಅಂದಾನ. ಅತ್ತಬಿಟ್ಟಾ ಪಾಪ."

ಇವರು ಎದ್ದು ನಿಂತರು. "ಯವ್ವಾ, ವಿಚಾರಣಿ ಮುಗಿಯೂತನಕಾ ದೂರು ಕೊಟ್ಟವ್ರ ಹಂತೇಕ ನಾ ಹೋಗಬಾರ್ದು. ಅದು ತಪ್ಪಾಕ್ಕೈತಿ."

"ಅದು ನಿಮ್ಮ ಠಾಣ್ಯಾಗಿನ ಕಾನೂನು. ಬೀರಪ್ಪನ ಗುಡ್ಯಾಗ ನಮ್ಮ ಕಾನೂನು."

"ನಿನಗ ತಿಳಿಯಂಗಿಲ್ಲ."

"ನಿಮ್ಮಪ್ಪ ಬಾಗ್ಯಾನ. ನಿಮ್ಮಜ್ಜ ಬಾಗ್ಯಾನ. ನೀ ಖಾಕಿ ಹಾಕ್ಕೊಂಡಿ ಅಂತ ನಿನ್ನ ನಡಾ ಬಾಗಂಗಿಲ್ಲೇನು?"

ಎದ್ದು ನಿಂತಿದ್ದ ಇವರು ಮತ್ತೆ ಕೂತರು.

ಭಾನುವಾರ ಹೋದೆವು. ದುರಗೇಶ ಕಿವಿಗೆ ಹತ್ತಿ ಇಟ್ಟುಕೊಂಡು ಕಂಬಕ್ಕೆ ಒರಗಿ ನಿಂತಿದ್ದ. ಇಪ್ಪತ್ತೆರಡರ ಹುಡುಗ, ಮೀಸೆ ಸರಿಯಾಗಿ ಬಂದಿರಲಿಲ್ಲ. ಅವನ ಗೆಳೆಯರು ಮೂರ್ನಾಲ್ಕು ಮಂದಿ ಜೊತೆಗಿದ್ದರು. ಪೂಜಾರಿ ಭಂಡಾರ ಹಾರಿಸಿದ. ಗುಡಿಯ ಗಾಳಿಯೆಲ್ಲ ಹಳದಿಯಾಯಿತು. ಆ ಹಳದಿಯೊಳಗೆ, ಆರಡಿ ಎತ್ತರದ ನನ್ನ ಗಂಡ, ಹಿಂದೆ ತಾವು ಸಂತೆಯಲ್ಲಿ ಹೆಗಲ ಮೇಲೆ ಹೊತ್ತು ತಿರುಗಿಸಿದ್ದ ಹುಡುಗನ ಹಣೆಗೆ ಭಂಡಾರ ಹಚ್ಚಿ, ಬಗ್ಗಿ, ಅವನ ಕಾಲು ಮುಟ್ಟಿದರು. ಇಷ್ಟು ದೊಡ್ಡದೊಂದು ಕಟ್ಟನ್ನು ಯಾವ ಕಾಲದಲ್ಲಿ ಯಾರು ಕಟ್ಟಿದರೋ, ದೊಡ್ಡವರೇ ಬಾಗಲಿ ಅಂತ ಯಾರಿಗೆ ಹೊಳೆಯಿತೋ ಅಂದುಕೊಂಡೆ. ದುರಗೇಶ ಎತ್ತಲಿಲ್ಲ. ಅವನ ಅಪ್ಪನೇ ಓಡಿ ಬಂದು ಇವರನ್ನು ಎತ್ತಿ ಅಪ್ಪಿಕೊಂಡ.

ಹುಡುಗರಲ್ಲೊಬ್ಬ ಫೋನು ಎತ್ತಿ ಹಿಡಿದಿದ್ದ. ದೇವರನ್ನು ತೆಗೆಯುತ್ತಿದ್ದಾನೆ ಅಂದುಕೊಂಡಿದ್ದೆವು.

ಆ ವಾರವೇ ಅದು ಊರೂರು ಸುತ್ತಿತು. ಮುಧೋಳದಲ್ಲಿರುವ ನನ್ನ ತಂಗಿ ಫೋನು ಮಾಡಿ, "ಅಕ್ಕಾ, ಮಾವಾರ ವಿಡಿಯೋ ನಮ್ಮ ಗ್ರೂಪಿಗೂ ಬಂದೈತಿ" ಅಂದಳು. "ಪೊಲೀಸಪ್ಪ ಕಾಲಿಗೆ ಬಿದ್ದ" ಎಂದು ಮೇಲೆ ಬರೆದಿದ್ದರಂತೆ. ಗುಡಿ ಕಾಣಿಸದ ಹಾಗೆ ಕತ್ತರಿಸಿದ್ದರಂತೆ. ಕಂಡದ್ದು ಇವರು ಬಗ್ಗಿದ್ದು, ದುರಗೇಶ ಸೆಟೆದು ನಿಂತದ್ದು, ಅಷ್ಟೇ.

ಸಂಧ್ಯಾ ಅದನ್ನು ನೋಡಿದ್ದು ಟ್ಯೂಷನ್ನಿನಲ್ಲಿ, ಇನ್ನೊಂದು ಹುಡುಗಿಯ ಅವ್ವನ ಫೋನಿನಲ್ಲಿ. ಮನೆಗೆ ಬಂದವಳು ಚೀಲ ಇಟ್ಟು ಕೈಕಾಲು ತೊಳೆದಳು. ನಾನು ಹಾಲಿನ ಲೋಟ ಕೊಟ್ಟೆ.

"ಅವ್ವಾ, ನಾಳಿಂದ ನಾ ಸಾಲಿಗೆ ನಡಕೋತ ಹೋಗ್ತೀನಿ."

"ಯಾಕ? ಅಪ್ಪ ಬಿಟ್ಟು ಬರ್ತಾರಲ್ಲ?"

"ಬ್ಯಾಡ."

"ಏನರ ಕೇಳೂದೈತೇನು ಯವ್ವಾ?"

ಅವಳು ಅಜ್ಜಿಯ ಕಡೆ ನೋಡಿದಳು. ಅತ್ತೆ ಕಣ್ಣಲ್ಲೇ ಗದರಿದರು. "ಏನಿಲ್ಲ" ಎಂದು ಹಾಲು ಕುಡಿದಳು. ಆವತ್ತಿನಿಂದ ಅಪ್ಪನ ಜೊತೆ ಮಾತು ನಿಲ್ಲಿಸಿದಳು. ಇವರು "ಸಂಧ್ಯಾ" ಅಂದರೆ ಸಾಕು, ಪುಸ್ತಕ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಇವರು ಕರೆದ ಬಾಯಿಯನ್ನು ಹಾಗೇ ಮುಚ್ಚಿಕೊಳ್ಳುತ್ತಿದ್ದರು. ಕೆಲಸ ಹೋಗುತ್ತದೆಂಬ ಹೆದರಿಕೆಯನ್ನು ಇವರು ತಡೆದುಕೊಂಡಿದ್ದರು. ಇದನ್ನು ತಡೆಯಲಾರರು ಎಂದು ನನಗೆ ಕಾಣುತ್ತಿತ್ತು.

ಆಗ ಬೀಳಗಿಯಿಂದ ಧರೆಪ್ಪ ಬಂದರು. ಇವರ ಜೊತೆ ಟ್ರೈನಿಂಗ್ ಮಾಡಿದವರು, ಈಗ ಹೆಡ್ ಕಾನ್‌ಸ್ಟೇಬಲ್. ಹೊಟ್ಟೆ ಮುಂದೆ, ನಗೆ ಅದಕ್ಕಿಂತ ಮುಂದೆ. ಬಂದವರೇ ಚಾಪೆಯ ಮೇಲೆ ಕೂತು, "ಅಕ್ಕಾರ, ಮೊದಲ ರೊಟ್ಟಿ ಹಾಕ್ರಿ. ಹಸದ ಹೊಟ್ಯಾಗ ಕಾನೂನು ಹೊಕ್ಕೂದಿಲ್ಲ" ಅಂದರು.

ಇಷ್ಟರಲ್ಲಿ ಇಲಾಖೆಯಿಂದ ಆರೋಪಗಳ ಪಟ್ಟಿ ಬಂದಿತ್ತು. ಸಾಕ್ಷಿಗಳ ಜೊತೆ ಆ ವಿಡಿಯೋವನ್ನೂ ಸೇರಿಸಿದ್ದರು. ಇವರೇ ತಪ್ಪು ಒಪ್ಪಿಕೊಂಡಿದ್ದಾರೆ ಅನ್ನುವುದಕ್ಕೆ ಅದೇ ಪುರಾವೆಯಂತೆ.

"ಮುಗೀತಲ್ಲ" ಅಂದರು ಇವರು.

"ಎಲ್ಲಿ ಮುಗೀತು? ಈಗ ಸುರು" ಎಂದರು ಧರೆಪ್ಪ, ತಟ್ಟೆಯಲ್ಲಿನ ಶೇಂಗಾ ಹಿಂಡಿಗೆ ಎಣ್ಣೆ ಕಲಸುತ್ತ. "ನಾ ಎರಡ ಎನ್‌ಕ್ವಾಯರಿ ಅರಗಿಸ್ಕೊಂಡ ಮನಶಾ ಅದೀನಿ, ಕೇಳು. ಅವ್ರು ಏನೇನು ಪುರಾವೆ ತೋರಿಸ್ತಾರ, ಎಲ್ಲಾ ನಿನಗ ಮೊದಲ ಕೊಡಬೇಕು. ಉತ್ತರಾ ಬರಿಯಾಕ ನಿನಗ ಟೈಮ್ ಕೊಡಬೇಕು. ಸಾಕ್ಷಿ ಹೇಳಾವ್ರು ನಿನ್ನ ಮುಂದನ ಹೇಳಬೇಕು, ನಿನ್ನ ಬೆನ್ನಿಂದ ಅಲ್ಲ. ಅವ್ರಿಗೆ ನೀ ತಿರುಗಿ ಪ್ರಶ್ನೆ ಕೇಳಬಹುದು. ನಿನ್ನ ಕಡಿಂದ ನೀ ಸಾಕ್ಷಿ ತರಬಹುದು. ನಿನ್ನ ಪರವಾಗಿ ಮಾತಾಡಾಕ ಒಬ್ಬ ಪೊಲೀಸನ್ನ ಕರಕೊಂಡ ಹೋಗಬಹುದು. ಆ ಪೊಲೀಸ ನಾನ."

ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದೆ. "ಸಾಹೇಬರ ಮುಂದ ಇವರು ಪ್ರಶ್ನೆ ಕೇಳಬಹುದೇನ್ರಿ ಅಣ್ಣಾರ?"

"ಕೇಳಬಹುದ್ರಿ. ಸಾಹೇಬ್ರೇ ಸಾಕ್ಷಿ ಆಗಿ ಬಂದ್ರ ಅವ್ರಿಗೂ ಕೇಳಬಹುದು."

ಇಷ್ಟು ವರ್ಷ ಇವರು ಫೋನಿನಲ್ಲಿ ಸಾಹೇಬರಿಗೆ ಹೇಳಿದ್ದು ನಾನು ಕೇಳಿದ್ದು ಒಂದೇ ಮಾತು, "ಹೌದ್ರಿ ಸರ್". ಇಂಥವರೂ ಪ್ರಶ್ನೆ ಕೇಳಲಿ ಎಂದು ಯಾರೋ ಎಲ್ಲೋ ಕೂತು ಬರೆದಿಟ್ಟಿದ್ದಾರೆ ಎಂದರೆ ನನಗೆ ನಂಬಿಕೆಯೇ ಬರಲಿಲ್ಲ.

ಅತ್ತೆ ಮೂಲೆಯಲ್ಲಿ ಕೂತು ಕೇಳುತ್ತಿದ್ದರು. "ಧರೆಪ್ಪಾ, ಭಾಳ ಛಲೋ ಐತಿ ಇದು. ನೀವು ಹಿಡಕೊಂಡ ಬರ್ತೀರಲ್ಲ, ಅವ್ರ ಮಾತೂ ಹಿಂಗ ಕೇಳ್ತೀರೇನು?"

ಧರೆಪ್ಪನವರ ಕೈ ತುತ್ತಿನ ಮೇಲೆ ನಿಂತಿತು. ಇವರು ತಲೆ ತಗ್ಗಿಸಿದರು.

"ಕೇಳಬೇಕ್ರಿ ಆಯಿ" ಎಂದರು ಧರೆಪ್ಪ ಕೊನೆಗೆ. "ಕೇಳಬೇಕು."

"ಬೇಕು ಬ್ಯಾಡ ಕೇಳಲಿಲ್ಲ ನಾ. ಇರಲಿ, ಉಣ್ಣ ನೀ."

ಊಟವಾದ ಮೇಲೆ ಉತ್ತರದ ಮಾತು ಬಂತು. ಆರೋಪ ಒಪ್ಪುವುದಿಲ್ಲ ಎಂದು ಬರೆಯಬೇಕೆಂದರು ಧರೆಪ್ಪ. "ಎಲ್ಲಾರೂ ಹಂಗ ಬರಿತಾರ್ರಿ ಅಕ್ಕಾರ. ಹಂಗ ಬರದ್ರನ ವಿಚಾರಣಿ ನಡಿತೈತಿ" ಎಂದು ನನಗೂ ಹೇಳಿದರು. ಇವರು ಸಹಿ ಮಾಡಿದರು. ಒಳಕೋಣೆಯ ಬಾಗಿಲಲ್ಲಿ ಸಂಧ್ಯಾಳ ಪಾದ ಕಾಣುತ್ತಿದ್ದವು.

"ಈ ವಿಡಿಯೋಕ್ಕ ಏನು ಮಾಡೂದು?" ಎಂದರು ಇವರು.

"ಗುಡ್ಯಾಗ ಯಾಕ ಬಾಗಿದ್ರಿ ಅನ್ನೂದನ್ನ ಯಾರರ ಬಂದು ಹೇಳಬೇಕು. ಅಲ್ಲಿ ಇದ್ದವ್ರು."

"ನಾ ಹೇಳ್ತೀನಿ" ಎಂದರು ಅತ್ತೆ. "ಕರಕೊಂಡ ಹೋಗಿದ್ದು ನಾ. ಬಾಗಸಿದ್ದು ನಾ. ನನ್ನ ಕರೀರಿ."

"ಯವ್ವಾ, ಅಲ್ಲಿ ಅಡ್ಡ ಪ್ರಶ್ನೆ ಕೇಳ್ತಾರ ನಿನಗ."

"ಕೇಳಲಿ. ಸೊಸಿ ಬಂದಾಗಿಂದ ನನ್ನ ಯಾರ ಏನ ಕೇಳ್ಯಾರ?"

ನಾನು ನಕ್ಕುಬಿಟ್ಟೆ. ಬಹಳ ದಿನಗಳ ಮೇಲೆ ಇವರೂ ಸ್ವಲ್ಪ ನಕ್ಕರು.

ವಿಚಾರಣೆ ನಡೆದದ್ದು ಜಮಖಂಡಿಯಲ್ಲಿ. ನಡೆಸಿದವರು ಬೇರೆ ಜಿಲ್ಲೆಯ ಒಬ್ಬ ಅಧಿಕಾರಿ ಮೇಡಂ. ಮೊದಲ ಸಲ ದುರಗೇಶನ ಸಾಕ್ಷಿ. ಆವತ್ತು ಇವರೂ ಧರೆಪ್ಪನವರೂ ಮಾತ್ರ ಹೋಗಿದ್ದರು. ಸಂಜೆ ನಾನು ಹಾಲು ಹಿಂಡುವಾಗ ಧರೆಪ್ಪ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಹೇಳಿದರು. ಪ್ರಶ್ನೆ ಕೇಳುವ ಸರದಿ ಇವರಿಗೆ ಬಂದಾಗ, ಇವರು ಎದ್ದು, ಮೇಡಂ ಅವರ ಅಪ್ಪಣೆ ಕೇಳಿ, ದುರಗೇಶನ ಎಡಗಡೆಗೆ ಹೋಗಿ ನಿಂತರಂತೆ. ಬಲಗಿವಿ ಕೇಳುವುದಿಲ್ಲವಲ್ಲ, ಅದಕ್ಕೆ. ನಿಧಾನವಾಗಿ ಒಂದೇ ಪ್ರಶ್ನೆ ಕೇಳಿದರಂತೆ. "ದುರಗೇಶಾ, ಏಟು ಬಿದ್ದಾಗ ನೀ ಯಾವ ಕಡೆ ಮುಖಾ ಮಾಡಿದ್ದಿ?"

"ಗ್ವಾಡಿ ಕಡೆ" ಅಂದನಂತೆ ಅವನು. "ಹಿಂದಿಂದ ಬಿತ್ತು. ಹೊಳ್ಳಿ ನೋಡಿದಾಗ ಬಾಳೇಶಣ್ಣ ನಿಂತಿದ್ದ."

"ಆ ಮಾತು ಇಲ್ಲೀತನಕ ಯಾವ ಕಾಗದದಾಗೂ ಇರಲಿಲ್ರಿ ಅಕ್ಕಾರ" ಎಂದರು ಧರೆಪ್ಪ. "ಮೇಡಂ ಬರದ್ರು. ದುರಗೇಶಗ ಓದಿ ತೋರಿಸಿದ್ರು. ಅವ ಹೌದಂದ."

ಅಂದರೆ ಇವರು ಹೊಡೆದಿಲ್ಲ ಎಂದೇ? ಅಥವಾ ಹೊಡೆದೇ ಅಲ್ಲಿ ನಿಂತಿದ್ದರೇ? ನನ್ನ ಬೆರಳು ಎಮ್ಮೆಯ ಮೊಲೆಯ ಮೇಲೆ ನಿಂತವು. ಎಮ್ಮೆ ಕಾಲು ಝಾಡಿಸಿತು. ಇವರು ನನ್ನ ಹಿಂದೆಯೇ ನಿಂತಿದ್ದರು. ನಾನು ತಿರುಗಿ ನೋಡಲಿಲ್ಲ. ಕರುವಿನ ಹಗ್ಗ ಬಿಚ್ಚಿ ಎಂದಷ್ಟೇ ಹೇಳಿದೆ.

ಎರಡನೆಯ ಸಲ ಅತ್ತೆಯ ಸಾಕ್ಷಿ. ಇಳಕಲ್ ಸೀರೆ ಉಟ್ಟು, ಹಣೆಗೆ ಭಂಡಾರ ಹಚ್ಚಿಕೊಂಡು ಹೊರಟರು. ಕೋಣೆಯ ಬಾಗಿಲಿಗೆ ಬಂದಾಗ ನನ್ನ ಕೈ ಬಿಡಲೊಲ್ಲರು. ಮೇಡಂ ನೋಡಿ, "ಸೊಸೆ ಪಕ್ಕದಲ್ಲಿ ಕೂರಲಿ. ಆದರೆ ಮಾತಾಡಬಾರದು" ಎಂದು ನನಗೂ ಒಂದು ಕುರ್ಚಿ ಹಾಕಿಸಿದರು. ಹಾಗೆ ನಾನು ಒಳಗೆ ಹೋದದ್ದು.

ಸಣ್ಣ ಕೋಣೆ. ಮೇಲೆ ತಿರುಗುವ ಫ್ಯಾನು, ಒಂದು ಮೇಜು. ಒಂದು ಕಡೆ ಇವರು, ಧರೆಪ್ಪ. ಇನ್ನೊಂದು ಕಡೆ ಇಲಾಖೆಯ ಪರವಾಗಿ ಕೇಳುವ ಒಬ್ಬ ತೆಳ್ಳಗಿನ ಸಾಹೇಬರು. ಗೋಡೆಗೆ ಹೊಂದಿ ದುರಗೇಶ. ಖಾಕಿಯಿಲ್ಲದ ಅಂಗಿಯಲ್ಲಿ ಇವರು ಎಷ್ಟು ಸಣ್ಣಗೆ ಕಂಡರು! ಆದರೂ ಮೇಡಂ ಇವರನ್ನು "ನೀವು" ಎಂದೇ ಮಾತಾಡಿಸಿದರು. "ನಿಮ್ಮ ಸಾಕ್ಷಿ ಬಂದಿದ್ದಾರೆ, ಶುರು ಮಾಡೋಣವೇ?" ಎಂದು ಇವರನ್ನು ಕೇಳಿದರು.

ಅತ್ತೆ ಗುಡಿಯ ಕಥೆ ಹೇಳಿದರು. ಹಿರೇಮನೆ, ಕಿರೇಮನೆ, ಮೊದಲು ಬೀಳುವ ಭಂಡಾರ, ಮೊದಲು ಬಾಗುವ ನಡ. ಬರೆದುಕೊಳ್ಳುವವನು ಹಿಂದೆ ಬಿದ್ದರೆ ಮೇಡಂ ಕೈ ಎತ್ತಿ ಅತ್ತೆಯನ್ನು ನಿಲ್ಲಿಸುತ್ತಿದ್ದರು. ಅವನು ಬರೆದು ಮುಗಿಸಿದ ಮೇಲೆ "ಹೇಳಿ ಅಜ್ಜಿ" ಎನ್ನುತ್ತಿದ್ದರು. ನಮ್ಮ ಅತ್ತೆಯ ಮಾತಿಗೆ ಒಂದು ಸರ್ಕಾರ ಕಾಯುತ್ತಿದೆ ಅನ್ನಿಸಿತು ನನಗೆ.

"ತಪ್ಪು ಯಾರದು ಅಂತ ಗುಡಿಯಲ್ಲಿ ಯಾರೂ ಕೇಳುವುದಿಲ್ಲವೇ?" ಎಂದರು ಮೇಡಂ.

"ಇಲ್ಲರಿ. ಕೇಳಿದ್ರ ಜಗಳಾ ಮುಗಿಯಂಗಿಲ್ಲ."

"ಇಲ್ಲಿ ಕೇಳದೇ ಮುಗಿಯುವುದಿಲ್ಲ ಅಜ್ಜಿ" ಎಂದು ಮೇಡಂ ಸಣ್ಣಗೆ ನಕ್ಕು, ತೆಳ್ಳಗಿನ ಸಾಹೇಬರ ಕಡೆ ಕೈ ತೋರಿಸಿದರು.

ಆ ಸಾಹೇಬರು ಗದರಲಿಲ್ಲ. ಮೆತ್ತಗೆ ಕೇಳಿದರು. "ಅಜ್ಜಿ, ಆ ಸಂಜೆ ನೀವು ಹೊರಠಾಣೆಯಲ್ಲಿ ಇರಲಿಲ್ಲ, ಅಲ್ಲವೇ?"

"ಇರಲಿಲ್ರಿ. ಮನ್ಯಾಗ ಶ್ಯಾವಿಗಿ ಹೊಸಿಯಾಕತ್ತಿದ್ನಿ."

"ನಿಮ್ಮ ಮಗ ದುರಗೇಶನನ್ನು ಹೊಡೆದಿಲ್ಲ ಅಂತ ನಿಮಗೆ ಗೊತ್ತೇ?"

ಓಣಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಯಾರೂ ಕೇಳದಿದ್ದರೂ "ನನ್ನ ಮಗ ಹೊಡಿಯಂಗಿಲ್ಲ" ಎಂದು ಹೇಳುತ್ತ ಬಂದವರು ಅವರು. ಈಗ ಅದೇ ಮಾತು ಹೇಳುತ್ತಾರೆ ಎಂದು ನಾನು ಕಾದೆ. ಅವರು ಮಗನ ಮುಖ ನೋಡಿದರು, ದುರಗೇಶನ ಕಿವಿ ನೋಡಿದರು.

"ಗೊತ್ತಿಲ್ಲರಿ" ಅಂದರು. "ನಾ ಕೇಳಿಲ್ಲ."

ಧರೆಪ್ಪ ಕಣ್ಣು ಮುಚ್ಚಿಕೊಂಡರು. ಇವರು ಮಾತ್ರ ತಾಯಿಯನ್ನೇ ನೋಡುತ್ತಿದ್ದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಬಹಳ ದೂರ ಹೊತ್ತ ಮೂಟೆಗೆ ಯಾರೋ ಒಂದು ಕೈ ಕೊಟ್ಟ ಹಾಗೆ ಇತ್ತು.

ಬರೆದದ್ದನ್ನೆಲ್ಲ ಮೇಡಂ ಮೊದಲಿನಿಂದ ಓದಿ ಹೇಳಿದರು. "ಏನಾದರೂ ತಪ್ಪಿದ್ದರೆ ಹೇಳಿ. ತಿದ್ದುತ್ತೇವೆ."

ಅತ್ತೆ ಒಂದೊಂದು ಮಾತಿಗೂ ತಲೆಯಾಡಿಸಿ ಕೇಳಿದರು. ಕಡೆಯ ಮಾತು ಬಂದಾಗಲೂ ಆಡಿಸಿದರು. ಆಮೇಲೆ, "ಒಂದ ತಪ್ಪೈತಿ ನೋಡ್ರಿ" ಅಂದರು.

"ಯಾವುದು?"

"ನನ್ನ ವಯಸ್ಸು ಎಂಬತ್ತ ಅಂತ ಬರದೀರಿ. ಎಪ್ಪತ್ತೆರಡರಿ. ಹಲ್ಲ ಹೋಗ್ಯಾವ, ಅಷ್ಟ."

ತೆಳ್ಳಗಿನ ಸಾಹೇಬರೂ ನಕ್ಕರು. ಮೇಡಂ ಪೆನ್ನು ತೆಗೆದು ಆ ಅಂಕಿಯನ್ನು ಹೊಡೆದು, ಸರಿ ಮಾಡಿ, ಪಕ್ಕದಲ್ಲಿ ಸಹಿ ಹಾಕಿದರು. ಓದಲು ಬಾರದ ಹೆಂಗಸೊಬ್ಬಳ ಎಂಟು ವರ್ಷಕ್ಕೆ ಅಷ್ಟು ದೊಡ್ಡ ಅಧಿಕಾರಿಯ ಸಹಿ. ಅತ್ತೆ ಹೆಬ್ಬೆಟ್ಟು ಒತ್ತಿ ಎದ್ದು ನಿಂತು ಕೈ ಮುಗಿದರು. ಗುಡಿಯಲ್ಲಿ ಮುಗಿಯುವ ಹಾಗೆಯೇ.

ಹೊರಗೆ ಬಂದ ಮೇಲೆ ಧರೆಪ್ಪ ತಡೆಯಲಾರದೆ ಅಂದರು, "ಆಯಿ, 'ನನ್ನ ಮಗ ಅಂಥಾಂವ ಅಲ್ಲ' ಅಂತ ಒಂದ ಮಾತ ಅಂದಿದ್ರ ಆಗತಿತ್ತಲ್ರಿ!"

"ಅವ್ರು ಅದನ್ನ ಕೇಳಲಿಲ್ಲಪಾ. ಗೊತ್ತೈತೇನು ಅಂತ ಕೇಳಿದ್ರು."

ಇವರು ಹೋಗಿ ತಾಯಿಗೆ ಒಂದು ಲೋಟ ಕಬ್ಬಿನ ಹಾಲು ತಂದುಕೊಟ್ಟರು.

ಆವತ್ತು ಸಂಜೆ ಹೊತ್ತು ಮುಳುಗುವ ಮೊದಲೇ ಊಟಕ್ಕೆ ಕೂತೆವು. ಎಲ್ಲರಿಗೂ ಹಸಿವಾಗಿತ್ತು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರು. ಸಂಧ್ಯಾ ದೂರ ಕೂತು ತನ್ನ ತಟ್ಟೆಯನ್ನೇ ನೋಡುತ್ತಿದ್ದಳು. ಅತ್ತೆಯ ಬಾಯಿ ನಿಲ್ಲಲೇ ಇಲ್ಲ.

"ನನ್ನ ಮಾತ ಬರದು, ಹೊಳ್ಳಿ ನನಗ ಓದಿ ಹೇಳಿದ್ರವಾ ಸಂಧ್ಯಾ! ನಾ ಹೆಂಗ ಅಂದಿದ್ನೋ ಹಂಗ! ತಪ್ಪಿದ್ರ ತಿದ್ದತೀವಿ ಅಂದ್ರು ಯವ್ವಾ, ತಿದ್ದಿದ್ರು!"

"ನಿನಗ ಬೈದ್ರೇನು ಆಯಿ?"

"ಯಾಕ ಬೈತಾರ? ಕುರ್ಚಿ ಹಾಕಿ ಕುಂದರಿಸಿದ್ರು."

"ಏನ್ ಕೇಳಿದ್ರು?"

"ಗುಡೀದು ಕೇಳಿದ್ರು. ನಿಮ್ಮಪ್ಪ ಯಾಕ ಬಾಗಿದಾ ಅಂತ. ಹೇಳಿದೆ. ಆಮ್ಯಾಲ…" ಅತ್ತೆ ರೊಟ್ಟಿ ಮುರಿದರು. ತಿನ್ನಲಿಲ್ಲ. "ನಿನ್ನ ಮಗ ಹೊಡದಿಲ್ಲಂತ ನಿನಗ ಗೊತ್ತೈತೇನು ಅಂತ ಕೇಳಿದ್ರು."

"ಏನಂದಿ?"

"ಗೊತ್ತಿಲ್ಲಂದೆ. ನಾ ಕೇಳಿಲ್ಲಂದೆ."

ಸಂಧ್ಯಾ ನನ್ನ ಕಡೆ ತಿರುಗಿದಳು. "ಅವ್ವಾ, ನೀ ಕೇಳೀಯೇನು?"

ನಾನು ಇಲ್ಲ ಎಂದು ತಲೆಯಾಡಿಸಿದೆ. ಕೈಯಲ್ಲಿದ್ದ ಮೊಸರಿನ ಸೌಟು ಯಾರ ತಟ್ಟೆಗೆ ಎಂಬುದು ಮರೆತುಹೋಯಿತು.

ಸಂಧ್ಯಾ ಎದ್ದಳು. ಬಾಯಿ ಒರೆಸಿಕೊಂಡು ಅಪ್ಪನ ಎದುರು ಬಂದು, ಮೊಳಕಾಲಿಗೆ ಮೊಳಕಾಲು ತಾಗುವಷ್ಟು ಹತ್ತಿರ ಕೂತಳು. ರೂಢಿಯಂತೆ ಅವಳನ್ನು ಸುಮ್ಮನಾಗಿಸಲು ನಾನು ಬಾಯಿ ತೆರೆದೆ. ಅತ್ತೆ ನನ್ನ ಮುಂಗೈ ಹಿಡಿದರು.

"ಕೇಳಲಿ ಬಿಡು."

ಇವರು ಕೈಯಲ್ಲಿದ್ದ ತುತ್ತು ತಟ್ಟೆಗೆ ಇಟ್ಟರು. ಎಷ್ಟೋ ವಾರಗಳ ಮೇಲೆ ಮಗಳ ಕಣ್ಣನ್ನು ನೇರ ನೋಡಿದರು. ಅವಳೂ ನೋಡಿದಳು, ಕಣ್ಣು ಕೀಳದೆ.

"ಅಪ್ಪಾ, ದುರಗೇಶಣ್ಣನ್ನ ನೀ ಹೊಡದೀಯೇನು?"